ಹನೋಯ್‌ನಲ್ಲಿ ಫುಡ್ ವಾಕ್: ಮೊಟ್ಟೆಯನ್ನೂ ಮುಟ್ಟದ ಅತ್ತೆಯನ್ನು ಕರ್ಕೊಂಡು ಹೋಗಬಹುದಾ?

ಸೊರಬದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನವೆಂಬರ್ ಮೊದಲ ವಾರ ವಿಯೆಟ್ನಾಂಗೆ ಹೊರಟಿದ್ದೀವಿ. ಹನೋಯ್‌ನಲ್ಲಿ ನಾಲ್ಕು ರಾತ್ರಿ ಇರ್ತೀವಿ. ನಾನು, ನಮ್ಮನೆಯವರು, ಒಂಬತ್ತು ವರ್ಷದ ಮಗಳು, ಜೊತೆಗೆ ಅತ್ತೆ. ಅತ್ತೆಗೆ 68. ಮಂಡಿನೋವು ಇದೆ, ಆದರೆ ನಿಧಾನಕ್ಕೆ ಎಷ್ಟು ಹೊತ್ತು ಬೇಕಾದರೂ ನಡೀತಾರೆ. ಮಾಂಸ, ಮೀನು ಬಿಡಿ, ಮೊಟ್ಟೆ ಹಾಕಿದ ಬಿಸ್ಕತ್ತನ್ನೂ ಮುಟ್ಟಲ್ಲ. ನಾನೂ ಸಸ್ಯಾಹಾರಿ, ಕೇಕ್‌ಗೆ ತಕರಾರಿಲ್ಲ. ನಮ್ಮನೆಯವರು ಎಲ್ಲ ತಿಂತಾರೆ.

ಅಲ್ಲಿ ಹಳೇ ಪೇಟೆಯಲ್ಲಿ ಗೈಡ್ ಜೊತೆ ಮೂರ್ನಾಲ್ಕು ಗಂಟೆ ನಡೆದುಕೊಂಡು ಏಳೆಂಟು ಕಡೆ ತಿನ್ನಿಸೋ ಟೂರ್‌ಗಳಿವೆ. ನಾನು ನೋಡಿದ್ದಕ್ಕೆ ತಲಾ 25 ಡಾಲರ್. ನಾಲ್ಕು ಜನಕ್ಕೆ ನೂರು ಡಾಲರ್ ಅಂದ್ರೆ ನಮಗೆ ಸಣ್ಣ ದುಡ್ಡಲ್ಲ. ಅತ್ತೆ ಆಗಲೇ ಹೇಳಿಬಿಟ್ಟಿದ್ದಾರೆ, "ನೀವು ಮೂರು ಜನ ಹೋಗ್ಬನ್ನಿ, ನಾನು ರೂಮಲ್ಲಿ ಅವಲಕ್ಕಿ ಕಲಸ್ಕೊಂಡು ತಿಂತೀನಿ" ಅಂತ. ಅದೇ ನನಗೆ ಸಂಕಟ. ನಲವತ್ತು ವರ್ಷ ಇನ್ನೊಬ್ಬರಿಗೆ ಬಡಿಸಿದ ಜೀವ ಅದು. ಒಂದು ಸಂಜೆಯಾದರೂ ಅವರು ಕೂತು, ಬೇರೆ ಯಾರೋ ಬಿಸಿಬಿಸಿ ಮಾಡಿಕೊಟ್ಟಿದ್ದನ್ನ ತಿನ್ನಬೇಕು ಅಂತ ನನ್ನಾಸೆ. ಹೋಗಿ ಬಂದವರು ಹೇಳಿ, ಇದು ಆಗೋ ಮಾತಾ?

ಅಲೆಮಾರಿ_ಹುಬ್ಬಳ್ಳಿ

ಅಕ್ಕಾರ, ನೇರ ಹೇಳ್ತೀನ್ರಿ, ಟೂರ್ ಬ್ಯಾಡ. ನಾ ಎರಡು ಸಲ ಹನೋಯ್‌ಗೆ ಹೋಗೇನಿ. ಹ್ವಾನ್ ಕಿಯೆಮ್ ಕೆರಿಯಿಂದ ಉತ್ತರಕ್ಕ ನಡಕೊಂತ ಹೋದ್ರ ಹಳೇ ಪೇಟೆ ತಾನ ಬರತೈತಿ. 36 ಓಣಿ ಅಂತಾರ, ಒಂದೊಂದು ಓಣಿಗೆ ಒಂದೊಂದು ಕಸುಬಿನ ಹೆಸರು. ಹಾಂಗ್ ಅಂದ್ರ ಸರಕು. ಹಾಂಗ್ ಬಾಕ್ ಬೆಳ್ಳಿ ಓಣಿ, ಹಾಂಗ್ ಮಾ ಪೂಜೆ ಕಾಗದದ ಓಣಿ. ನಮ್ಮ ಬೆಂಗಳೂರಾಗ ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ ಇದ್ದಂಗ. ದಾರಿ ತಪ್ಪಿದ್ರೂ ಚಿಂತಿಲ್ಲ, ತಪ್ಪಿದಷ್ಟು ಚಲೋ.

ಊರಿನ ಮಂದಿ ಎಲ್ಲಿ ಗಿಡ್ಡ ಪ್ಲಾಸ್ಟಿಕ್ ಸ್ಟೂಲ್ ಮ್ಯಾಲೆ ಕುಂತಾರೋ ಅಲ್ಲೇ ಹೋಗಿ ಕುಂದರ್ರಿ. ಒಂದು ಬಟ್ಟಲ ಫೋ 50–60 ಸಾವಿರ ಡಾಂಗ್. ನಮ್ಮ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಬರತೈತಿ, ಅಂದ್ರ ಇನ್ನೂರು ರೂಪಾಯಿ ಆತು. 25 ಡಾಲರಿನ್ಯಾಗ ಒಬ್ಬ ಮನುಷ್ಯಾ ಎರಡು ದಿವಸ ಹೊಟ್ಟಿ ತುಂಬ ಉಣಬಹುದು. 2023ರಾಗ ಮಿಶೆಲಿನ್ ಗೈಡ್ (ಚಲೋ ಹೋಟೆಲ್ ಆರಿಸಿ ಪಟ್ಟಿ ಮಾಡೋ ಹೆಸರಾಂತ ಕೈಪಿಡಿ) ಆ ಊರಿಗೆ ಬಂದ ಮ್ಯಾಲೆ ಪಟ್ಟಿಯೊಳಗ ಹೆಸರಿದ್ದ ಅಂಗಡಿ ಮುಂದ ಪಾಳಿ ಹಚ್ಚತಾರ. ಅದರ ಬಾಜೂದ ಅಂಗಡಿಗೆ ಹೋಗ್ರಿ.

ಸಸ್ಯಾಹಾರಿ_ಪಯಣ

ಸರ್, ನಿಮ್ಮ ಮಾತು ಎಲ್ಲ ತಿನ್ನೋರಿಗೆ ಸರಿ. ಫೋ ಅಂದ್ರೆ ದನದ ಮೂಳೆಯನ್ನ ಗಂಟೆಗಟ್ಟಲೆ ಕುದಿಸಿದ ಸಾರು. ಗಿಡ್ಡ ಸ್ಟೂಲ್ ಮೇಲೆ ಕೂತು ನಾವು ಏನು ತಿನ್ನೋದು?

ನಮ್ಮ ಅನುಭವ ಹೇಳ್ತೀನಿ. ಮೊದಲ ಎರಡು ದಿನ ನಾವೇ ಅಡ್ಡಾಡಿದ್ವಿ. ಅಲ್ಲಿ ನ್ವೊಕ್ ಮಾಮ್ ಅಂತ ಮೀನಿನ ರಸ ಇದೆ. ಸಣ್ಣ ಮೀನನ್ನ ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಇಳಿಸೋದು. ನಮ್ಮಲ್ಲಿ ಉಪ್ಪು ಹೇಗೋ ಅಲ್ಲಿ ಅದು ಹಾಗೆ. ಬರೀ ಸೊಪ್ಪಿನ ಪಲ್ಯ ಕೇಳಿದರೂ ಅದರ ಒಂದು ಚಮಚ ಬಿದ್ದಿರುತ್ತೆ. ಅಡುಗೆಯವರು ಮೋಸ ಮಾಡೋದಲ್ಲ, ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ.

ಮೂರನೇ ದಿನ ಒಂದು ಕಂಪನಿಯ ಟೂರ್ ತಗೊಂಡ್ವಿ. ಬುಕ್ ಮಾಡುವಾಗ ಸಸ್ಯಾಹಾರಿ ಅಂತ ಟಿಕ್ ಹಾಕಿದ್ವಿ. ಹನ್ನೊಂದು ಜನರ ಗುಂಪು. ಮೊದಲ ಮೂರು ಕಡೆ ನಮ್ಮಿಬ್ಬರಿಗೆ ಬಾಳೆಹಣ್ಣು, ಖಾಲಿ ಬ್ರೆಡ್, ಮತ್ತೆ ಬಾಳೆಹಣ್ಣು. ನಾಲ್ಕನೇ ಕಡೆ ಪಪ್ಪಾಯಿಕಾಯಿ ಕೋಸಂಬರಿ ಥರದ್ದು ಬಂತು. ಮೇಲಿದ್ದ ಒಣಮಾಂಸ ಆರಿಸಿ ತೆಗೆದು ಅದೇ ತಟ್ಟೆಯನ್ನ ನಮ್ಮ ಮುಂದಿಟ್ಟರು. ರಸ ಮೀನಿಂದು ಅಂತ ನಮ್ಮ ಯಜಮಾನರಿಗೆ ಗೊತ್ತಾಗಿದ್ದು ಅರ್ಧ ತಿಂದ ಮೇಲೆ. ಆ ರಾತ್ರಿ ಅವರು ಊಟ ಮಾಡಲಿಲ್ಲ, ಯಾರ ಹತ್ತಿರಾನೂ ಮಾತಾಡಲಿಲ್ಲ. ದುಡ್ಡು ಹೋಗಿದ್ದಕ್ಕೆ ನನಗೆ ಬೇಸರವಿಲ್ಲ. ಅವರ ಆ ಮುಖ ಇನ್ನೂ ಕಣ್ಣಮುಂದೆ ಇದೆ. ನಿಮ್ಮ ಅತ್ತೆಗೆ ಅದು ಆಗೋದು ಬೇಡ. ಹೋಗೋದಾದರೆ ದೊಡ್ಡ ಗುಂಪಿನ ಟೂರ್ ಬೇಡವೇ ಬೇಡ.

ಹನೋಯ್_ಕನ್ನಡಿಗ

ಐದು ವರ್ಷದಿಂದ ಇಲ್ಲೇ ಇದ್ದೀನಿ, ಮನೆಯಲ್ಲಿ ನಾವೂ ಸಸ್ಯಾಹಾರಿಗಳು. ಮೇಡಂ, ಖಂಡಿತ ಕರ್ಕೊಂಡು ಬನ್ನಿ. ಆದರೆ ಸ್ವಲ್ಪ ತಯಾರಿ ಬೇಕು.

ನೀವು ಕಲಿಯಬೇಕಾದ ಪದ "ಚಯ್". ನಮ್ಮ ಚಾಯ್ ಅಲ್ಲ, ಮೊಟಕಾಗಿ ಹೇಳಬೇಕು. "ತೊಯ್ ಅನ್ ಚಯ್" ಅಂದ್ರೆ ನಾನು ಸಸ್ಯಾಹಾರ ತಿನ್ನೋದು ಅಂತ. ಇಂಗ್ಲಿಷ್‌ನಲ್ಲಿ ವೆಜಿಟೇರಿಯನ್ ಅಂದರೆ "ತರಕಾರಿ ಇಷ್ಟ" ಅನ್ನೋ ಅರ್ಥಕ್ಕೆ ತಗೋತಾರೆ, ಮೇಲಿನ ಮೇಡಂಗೆ ಆಗಿದ್ದು ಬಹುಶಃ ಅದೇ. ಚಯ್ ಅಂದಕೂಡಲೇ ಬೌದ್ಧ ಮಠದ ಊಟ ಕಣ್ಣಮುಂದೆ ಬರುತ್ತೆ. ಮೀನಿನ ರಸ ಇಲ್ಲ, ಕಟ್ಟುನಿಟ್ಟಿನ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮೊಟ್ಟೆ ಬಗ್ಗೆ ಮಾತ್ರ ಬೇರೆಯಾಗಿ ಕೇಳಲೇಬೇಕು, ಕೆಲವರು ಹಾಕ್ತಾರೆ.

ಇನ್ನೊಂದು, ಇದು ಬಹಳ ಜನರಿಗೆ ಗೊತ್ತಿಲ್ಲ. ಇಲ್ಲಿನ ಚಾಂದ್ರಮಾನ ತಿಂಗಳ ಒಂದನೇ ದಿನ ಮತ್ತು ಹದಿನೈದನೇ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು, ತುಂಬ ಮನೆಗಳಲ್ಲಿ ಚಯ್ ಊಟ. ಆ ದಿನ ಚಯ್ ಹೋಟೆಲ್‌ಗಳು ತುಂಬಿರ್ತವೆ, ಮಾಮೂಲಿ ಅಂಗಡಿಯವರೂ ಕೆಲವರು ಚಯ್ ಮಾಡ್ತಾರೆ. ನೀವು ಬರೋ ವಾರದಲ್ಲೇ ಕಾರ್ತಿಕದ ಹುಣ್ಣಿಮೆ ಬೀಳುತ್ತೆ. ನಮ್ಮ ಪಂಚಾಂಗಕ್ಕೂ ಇವರ ಲೆಕ್ಕಕ್ಕೂ ಒಂದು ದಿನ ಹಿಂದೆ ಮುಂದೆ ಆಗಬಹುದು, ಗೈಡ್ ಹತ್ತಿರ ಕೇಳಿ ಆ ದಿನಕ್ಕೇ ವಾಕ್ ಇಟ್ಕೊಳ್ಳಿ.

ಗೈಡ್‌ನ ಬರೀ ನಿಮ್ಮ ನಾಲ್ಕು ಜನಕ್ಕೆ ಅಂತ ಗೊತ್ತು ಮಾಡಿ. ಬುಕ್ ಮಾಡೋ ಮೊದಲು ಒಂದು ಮೆಸೇಜ್ ಹಾಕಿ: "ಚಯ್ ತಿನ್ನೋರಿಗೆ ಯಾವ ಅಂಗಡಿ, ಯಾವ ತಿಂಡಿ, ಹೆಸರು ಹೇಳಿ" ಅಂತ. ಹೆಸರು ಹೇಳಿದವರು ಕೆಲಸ ಗೊತ್ತಿದ್ದವರು. "ಚಿಂತೆ ಬೇಡ, ಎಲ್ಲ ನೋಡ್ಕೋತೀವಿ" ಅಂತ ಉತ್ತರ ಬಂದರೆ ಬಿಟ್ಟುಬಿಡಿ. ದುಡ್ಡು ಕಷ್ಟ ಅನಿಸಿದರೆ ಹನೋಯ್‌ಕಿಡ್ಸ್ ಅಂತ ಕಾಲೇಜು ಹುಡುಗ ಹುಡುಗಿಯರ ತಂಡ ಇದೆ. ಇಂಗ್ಲಿಷ್ ಅಭ್ಯಾಸಕ್ಕೆ ಅಂತ ಪುಕ್ಕಟೆ ಊರು ತೋರಿಸ್ತಾರೆ, ಊಟ ತಿಂಡಿ ಓಡಾಟದ ಖರ್ಚು ನಿಮ್ಮದು. ಬಹಳ ಮುಂಚೆ ಕೇಳಿಕೊಳ್ಳಬೇಕು.

ಕುಡ್ಲದ_ಮೀನು

ನಿಮ್ಮ ಯಜಮಾನರಿಗೆ ಒಂದು ಹೇಳ್ಲಿಕ್ಕುಂಟು ಮಾರಾಯ್ರೆ. ಚಾ ಕಾ ಬಿಡಬೇಡಿ. ಮೀನಿನ ತುಂಡಿಗೆ ಅರಸಿನ ಹಚ್ಚಿ ಸುಟ್ಟು, ಆಮೇಲೆ ನಿಮ್ಮ ಮೇಜಿನ ಮೇಲೆಯೇ ಸಣ್ಣ ಬಾಣಲೆಯಲ್ಲಿ ಎಣ್ಣೆ ಚುಂಯ್ ಅನ್ನುವಾಗ ಒಂದು ಕಟ್ಟು ಸಬ್ಬಸಿಗೆ ಸೊಪ್ಪು, ಈರುಳ್ಳಿ ಸೊಪ್ಪು ಹಾಕ್ತಾರೆ. ಹೌದು, ನಮ್ಮದೇ ಸಬ್ಬಸಿಗೆ! ಅರಸಿನ, ಸಬ್ಬಸಿಗೆ ಎರಡೂ ಸೇರಿದ ಆ ಪರಿಮಳಕ್ಕೆ ನನಗೆ ಅಮ್ಮನ ಅಡುಗೆಮನೆ ನೆನಪಾಯ್ತು. ಈ ತಿಂಡಿಯ ಹೆಸರನ್ನೇ ಒಂದು ಬೀದಿಗೆ ಇಟ್ಟಿದ್ದಾರೆ.

ಬುನ್ ಚಾ ಕೂಡ ಒಳ್ಳೆಯದುಂಟು, ಆದ್ರೆ ಅದು ಹಂದಿಮಾಂಸ, ಕೇಳಿಕೊಂಡು ತಿನ್ನಿ. 2016ರಲ್ಲಿ ಒಬಾಮಾ, ಟಿವಿಯಲ್ಲಿ ಊರೂರು ತಿರುಗಿ ಊಟ ತೋರಿಸ್ತಿದ್ದ ಅಮೆರಿಕದ ಬಾಣಸಿಗ ಆಂಟನಿ ಬೋರ್ಡೇನ್ ಒಟ್ಟಿಗೆ ಕೂತು ತಿಂದ ಅಂಗಡಿ ಈಗಲೂ ಉಂಟು. ಅವರು ಕೂತ ಮೇಜನ್ನು ಗಾಜಿನ ಒಳಗೆ ಇಟ್ಟಿದ್ದಾರೆ.

ಕಾಫಿತೋಟ_ಸಕಲೇಶಪುರ

ಕಾಫಿ ಬಗ್ಗೆ ಯಾರೂ ಬರೆದಿಲ್ಲವಲ್ಲ ಕಣ್ರೀ! ನಾವು ಬೆಳೆಗಾರರು ಹತ್ತು ಜನ ಹೋಗಿದ್ವಿ. ಬ್ರೆಜಿಲ್ ಬಿಟ್ಟರೆ ಪ್ರಪಂಚದಲ್ಲಿ ಹೆಚ್ಚು ಕಾಫಿ ಬೆಳೆಯೋದು ವಿಯೆಟ್ನಾಂ, ಅದೂ ಬಹುಪಾಲು ರೋಬಸ್ಟಾ. 1857ರಲ್ಲಿ ಫ್ರೆಂಚ್ ಪಾದ್ರಿಗಳು ಗಿಡ ತಂದರು ಅಂತಾರೆ. ನಾವು ನಮ್ಮ ರೋಬಸ್ಟಾವನ್ನ ಎರಡನೇ ದರ್ಜೆ ಅಂತ ಅಂದ್ಕೊಂಡೇ ಬದುಕಿದ್ದೀವಿ. ಅಲ್ಲಿ ಅದನ್ನೇ ಬೆಣ್ಣೆ ಹಾಕಿ ಕಪ್ಪಗೆ ಹುರಿದು, ಲೋಟದ ಮೇಲೆ ಸಣ್ಣ ತಗಡಿನ ಫಿಲ್ಟರ್ ಕೂರಿಸಿ ತೊಟ್ಟು ತೊಟ್ಟಾಗಿ ಇಳಿಸ್ತಾರೆ. ಆ ಫಿಲ್ಟರ್‌ಗೆ ಫಿನ್ ಅಂತ ಹೆಸರು. ನಮ್ಮ ಹಿತ್ತಾಳೆ ಫಿಲ್ಟರ್‌ನಲ್ಲಿ ಡಿಕಾಕ್ಷನ್ ರಾತ್ರಿಯಿಡೀ ಇಳಿಯುತ್ತೆ, ಅಲ್ಲಿ ಐದು ನಿಮಿಷ. ಕಾದು ಕೂತಿರೋದೇ ಒಂದು ಸುಖ.

ಮೊಟ್ಟೆ ಕಾಫಿ ಹುಟ್ಟಿದ್ದು ಹನೋಯ್‌ನಲ್ಲೇ. 1946ರಲ್ಲಿ, ಯುದ್ಧದ ಕಾಲ, ಹಾಲು ಸಿಗ್ತಿರಲಿಲ್ಲ. ಮೆಟ್ರೊಪೋಲ್ ಹೋಟೆಲ್‌ನಲ್ಲಿ ಕೆಲಸ ಮಾಡ್ತಿದ್ದ ಜಾಂಗ್ ಅನ್ನೋರು ಹಾಲಿನ ಬದಲು ಮೊಟ್ಟೆಯ ಹಳದಿ ಕಡೆದು ನೊರೆ ಮಾಡಿ ಕಾಫಿ ಮೇಲೆ ಹಾಕಿದರು. ಅವರ ಮನೆಯವರು ನಡೆಸೋ ಅಂಗಡಿ ಇನ್ನೂ ಇದೆ. ಅತ್ತೆಗೆ ಅದು ಆಗಲ್ಲ, ಅವರಿಗೆ ತೆಂಗಿನಹಾಲಿನ ಕಾಫಿ ಕೊಡಿಸಿ. ತೆಂಗಿನಹಾಲನ್ನ ಮಂಜಿನ ಹಾಗೆ ಮಾಡಿ ಮೇಲೆ ಡಿಕಾಕ್ಷನ್ ಸುರಿದಿರ್ತಾರೆ.

ಅಲೆಮಾರಿ_ಹುಬ್ಬಳ್ಳಿ

ಹನೋಯ್ ಸರ್ ಹೇಳಿದ ಅಮಾಸಿ ಹುಣ್ಣಿವಿ ಮಾತು ನನಗ ಗೊತ್ತಿದ್ದಿಲ್ಲ. ಎರಡು ಸಲ ಹೋದ್ರೂ ತಿಳೀಲಿಲ್ಲ, ಯಾಕಂದ್ರ ಹೇಳವರು ಯಾರೂ ಇದ್ದಿಲ್ಲ. ಅಕ್ಕಾರ, ವಯಸ್ಸಾದವರು ಸಂಗತಿ ಇದ್ರ ಗೈಡ್ ತಗೋರಿ. ನನ್ನ ಮಾತು ಒಬ್ಬಂಟಿ ತಿರುಗವರಿಗೆ ಅಷ್ಟ.

ಒಂದು ಎಚ್ಚರಿಕಿ: 20 ಸಾವಿರದ ನೋಟು, 5 ಲಕ್ಷದ ನೋಟು ಎರಡೂ ನೀಲಿ. ಕತ್ತಲದಾಗ ನಾ 20 ಸಾವಿರ ಅಂತ 5 ಲಕ್ಷ ಕೊಟ್ಟಿದ್ದೆ. ಆ ಹಣ್ಣು ಮಾರೋ ಅವ್ವ ಬೆನ್ನತ್ತಿ ಬಂದು ತಿರುಗಿ ಕೊಟ್ಲು. ಅಕಿ ಉಪಕಾರ ನಾ ಮರಿಯಂಗಿಲ್ಲ. 5 ಲಕ್ಷದ ನೋಟನ್ನ ಬ್ಯಾರೆ ಕಿಸೇದಾಗ ಇಟ್ಕೋರಿ.

ಸೊರಬದ_ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ಕಡೆ ಮೆಸೇಜ್ ಹಾಕಿದೆ. ಮೂರು ಕಡೆಯಿಂದ "ಚಿಂತೆ ಬೇಡ" ಅಂತಲೇ ಬಂತು! ನಾಲ್ಕನೆಯವಳು ಅರ್ಧ ಗಂಟೆ ಬಿಟ್ಟು ಆರು ಅಂಗಡಿಯ ಪಟ್ಟಿ ಕಳಿಸಿದಳು, ಪ್ರತಿಯೊಂದರ ಮುಂದೆ ಏನು ಸಿಗುತ್ತೆ, ಯಾವುದರಲ್ಲಿ ಏನು ತೆಗೆಸಬೇಕು ಅಂತ ಬರೆದು. ಕೊನೆಗೆ "ಅಜ್ಜಿಗೆ ಮಂಡಿನೋವು ಇದೆಯಾ? ಸ್ಟೂಲ್ ಬಹಳ ಗಿಡ್ಡ, ಕುರ್ಚಿ ಇರೋ ಕಡೆ ಹೇಳಿಟ್ಟಿರ್ತೀನಿ" ಅಂತ ಅವಳೇ ಕೇಳಿದಳು. ನಾನು ಮಂಡಿ ವಿಷಯ ಬರೆದೇ ಇರಲಿಲ್ಲ. ಅಲ್ಲಿಗೆ ತೀರ್ಮಾನ ಆಯ್ತು. ನಮ್ಮ ನಾಲ್ಕು ಜನಕ್ಕೆ ಮಾತ್ರ, 140 ಡಾಲರ್, ಹುಣ್ಣಿಮೆ ಸಂಜೆ.

ಸೊರಬದ_ಹುಡುಗಿ (ಹೋಗಿ ಬಂದ ಮೇಲೆ)

ಬಂದು ಹತ್ತು ದಿನ ಆಯ್ತು, ಬರೀತೀನಿ ಬರೀತೀನಿ ಅಂತ ಇವತ್ತಾಯ್ತು.

ಸಂಜೆ ಐದೂವರೆಗೆ ಗೈಡ್ ಹೋಟೆಲ್ ಬಾಗಿಲಿಗೇ ಬಂದಳು. ಇಪ್ಪತ್ನಾಲ್ಕು ವರ್ಷದ ಹುಡುಗಿ. ಅತ್ತೆಯನ್ನ ನೋಡಿ ಎರಡೂ ಕೈ ಹಿಡ್ಕೊಂಡು "ಬಾ" ಅಂದಳು. ಅತ್ತೆ ಬೆರಗಾಗಿ "ಏ, ಇವಳಿಗೆ ಕನ್ನಡ ಬರುತ್ತಲ್ಲೇ!" ಅಂತ ಹೊರಟೇಬಿಟ್ಟರು. ಆಮೇಲೆ ತಿಳೀತು, ಅವರ ಭಾಷೆಯಲ್ಲಿ ಬಾ ಅಂದ್ರೆ ಅಜ್ಜಿ. ಅಲ್ಲಿ ನಾನು, ನೀನು ಅನ್ನೋ ಬದಲು ಅಜ್ಜಿ, ಅಕ್ಕ, ತಂಗಿ ಅಂತಲೇ ಮಾತಾಡೋದಂತೆ. ಸಂಜೆ ಪೂರ್ತಿ ಅವಳು ಬಾ ಬಾ ಅಂತಿದ್ದಳು, ಅತ್ತೆ "ಬಂದೆ ಕಣಮ್ಮ" ಅಂತ ಹೋಗ್ತಿದ್ದರು. ಆ ರಸ್ತೆ ದಾಟೋದಿದೆಯಲ್ಲ, ಸ್ಕೂಟರ್‌ಗಳ ಹೊಳೆ, ಅದನ್ನ ಅವಳ ಕೈ ಹಿಡ್ಕೊಂಡೇ ದಾಟಿದ್ದು. ಒಂದೇ ಸಮನೆ ನಿಧಾನಕ್ಕೆ ನಡೀಬೇಕು, ನಿಲ್ಲಬಾರದು, ಹಿಂದೆ ಸರಿಯಬಾರದು. ಅವರೇ ಸುತ್ತಿ ಹೋಗ್ತಾರೆ.

ಹುಣ್ಣಿಮೆ ಅಂತ ಅಂಗಡಿ ಅಂಗಡಿಯಲ್ಲೂ ಹೂವು, ಹಣ್ಣು, ಊದುಬತ್ತಿ. ಅತ್ತೆಯ ಮುಖ ಸಡಿಲ ಆಗಿದ್ದು ಆ ಊದುಬತ್ತಿ ವಾಸನೆಗೆ. "ಇವರೂ ನಮ್ಮ ಹಾಗೇ ದೇವರಿಗೆ ಇಟ್ಟು ತಿನ್ನೋ ಜನ" ಅಂದರು. ಅದಾದ ಮೇಲೆ ಏನು ಕೊಟ್ಟರೂ ಅನುಮಾನ ಪಡಲಿಲ್ಲ.

ಎರಡನೇ ಜಾಗದ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೀತೀನಿ. ಪೂರ್ತಿ ಚಯ್ ಅಂಗಡಿ ಅದು, ಒಂದು ಗಲ್ಲಿಯ ಒಳಗೆ. ತಿಂಡಿಯ ಹೆಸರು ಬಾನ್ ಕುವೊನ್. ಕುದಿಯೋ ನೀರಿನ ಪಾತ್ರೆ, ಅದರ ಬಾಯಿಗೆ ಬಿಗಿಯಾಗಿ ಕಟ್ಟಿದ ಬಿಳಿ ಬಟ್ಟೆ. ಅಕ್ಕಿಹಿಟ್ಟು ನಮ್ಮ ನೀರ್ ದೋಸೆಯ ಹದಕ್ಕೇ ತೆಳ್ಳಗೆ. ಅಂಗಡಿಯಾಕೆ ಒಂದು ಸೌಟು ಬಟ್ಟೆ ಮೇಲೆ ಹುಯ್ದು, ಸೌಟಿನ ತಳದಿಂದಲೇ ಒಂದು ಸುತ್ತು ಹರಡಿ ಮುಚ್ಚಳ ಹಾಕಿದರು. ತೆಗೆಯೋ ಹೊತ್ತಿಗೆ ಹಾಳೆ ಪಾರದರ್ಶಕ. ಆಗ ಚಪ್ಪಟೆ ಬಿದಿರು ಕಡ್ಡಿಯನ್ನ ಅಡಿಗೆ ತೂರಿಸಿ, ಒದ್ದೆ ವಸ್ತ್ರ ಎತ್ತೋ ಹಾಗೆ ಇಡೀ ಹಾಳೆಯನ್ನ ಎತ್ತಿ ಹಲಗೆ ಮೇಲೆ ಇಳಿಸಿದರು. ಒಳಗೆ ಹೆಚ್ಚಿದ ಕಪ್ಪು ಅಣಬೆ, ಮಡಚಿ, ಕತ್ತರಿಯಲ್ಲಿ ಕಚಕಚ ಕತ್ತರಿಸಿ ತಟ್ಟೆಗೆ. ಮೀನಿನ ರಸದ ಬದಲು ಸೋಯಾ, ನಿಂಬೆ, ಸಕ್ಕರೆ ಸೇರಿಸಿದ ನೀರು.

ಅತ್ತೆ ತಿನ್ನಲೇ ಇಲ್ಲ, ಎದ್ದು ಹೋಗಿ ಒಲೆ ಪಕ್ಕ ನಿಂತರು. "ಅಕ್ಕಿ ಎಷ್ಟು ಹೊತ್ತು ನೆನೆಹಾಕ್ತಾರೆ ಕೇಳು." ನಾನು ಗೈಡ್‌ಗೆ, ಗೈಡ್ ಆಕೆಗೆ. ರಾತ್ರಿಯಿಡೀ ಅಂತ ಉತ್ತರ ಬಂತು. "ಹೊಸ ಅಕ್ಕಿಯೋ, ಹಳೇದೋ?" ಹಳೇ ಅಕ್ಕಿ. ಅತ್ತೆ ಹೂಂಗುಟ್ಟಿದರು, ಹೊಸ ಅಕ್ಕಿ ಆದ್ರೆ ಅಂಟುತ್ತೆ ಅಂತ. ಅದನ್ನೂ ಗೈಡ್ ಆಕೆಗೆ ಹೇಳಿದಳು. ಆಕೆ ಜೋರಾಗಿ ನಕ್ಕು ಬಿದಿರು ಕಡ್ಡಿಯನ್ನೇ ಅತ್ತೆ ಕೈಗೆ ಕೊಟ್ಟುಬಿಟ್ಟರು! ಮೊದಲನೇದು ನಡುವೆ ಹರೀತು. ಎರಡನೇದು ಇಡಿಯಾಗಿ ಬಂತು. ಆ ಹಾಳೆ ಕಡ್ಡಿಯಿಂದ ಇಳಿಬಿದ್ದಿದ್ದಾಗ ಅತ್ತೆ ನನ್ನ ಕಡೆ ತಿರುಗಿ ನೋಡಿದ ನೋಟ, ನಾನು ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ನೋಡಿರಲಿಲ್ಲ. ಆಮೇಲೆ ಇಬ್ಬರೂ ಭಾಷೆಯ ಹಂಗಿಲ್ಲದೆ ಮಾತಾಡಿದರು. ಆಕೆ ತಮ್ಮ ಮಣಿಕಟ್ಟು ತೋರಿಸಿ ನೋವು ಅಂತ ಕೈಸನ್ನೆ ಮಾಡಿದರು, ಅತ್ತೆ ತಮ್ಮ ಮಂಡಿ ತೋರಿಸಿದರು. ಅಲ್ಲೇ ಮುಕ್ಕಾಲು ಗಂಟೆ ಹೋಯ್ತು. ಗೈಡ್ ಒಂದು ಸಲವೂ ಗಡಿಯಾರ ನೋಡಲಿಲ್ಲ, ಅದಕ್ಕೆ ನಾನು ಅವಳಿಗೆ ಋಣಿ.

ಮಿಕ್ಕಿದ್ದು ಬೇಗ ಹೇಳಿಬಿಡ್ತೀನಿ. ಬಾನ್ ಝಾನ್ ಅಂತ ಎಳ್ಳು ಹೊರಳಿಸಿ ಕರಿದ ಉಂಡೆ, ಒಳಗೆ ಹೆಸರುಬೇಳೆ ಹೂರಣ. ಅಕ್ಕಿಹಿಟ್ಟಿನ ಹೊದಿಕೆ, ಹೆಸರಿನ ಹೂರಣ ಅಂದ್ರೆ ಸುಕ್ಕಿನುಂಡೆಯ ದೂರದ ನೆಂಟ. ಮಗಳು ನಾಲ್ಕು ತಿಂದಳು. ಸೊಯ್ ಅಂತ ಅಂಟು ಅಕ್ಕಿಯ ಅನ್ನ, ಅರಿಶಿನ ಹಾಕಿದ್ದು, ಮೇಲೆ ತುರಿದ ಹೆಸರುಬೇಳೆ. ಇದನ್ನ ನೋಡಿ ನಾನೇ ಬುಟ್ಟಿಗೆ ಕೈ ಹಾಕಿದ್ದೆ, ಗೈಡ್ ತಡೆದಳು. ಮಾಮೂಲಿ ಅಂಗಡಿಗಳಲ್ಲಿ ಅದರ ಮೇಲೆ ಕೋಳಿಯ ಅಥವಾ ಹಂದಿಯ ಕೊಬ್ಬು ಕಾಯಿಸಿ ಹುಯ್ಯುತ್ತಾರಂತೆ. ನೋಡಿದರೆ ಪೊಂಗಲ್ ಇದ್ದ ಹಾಗೇ ಇದೆ, ಯಾರಿಗೆ ಅನುಮಾನ ಬರುತ್ತೆ? ಅವಳು ಬರೀ ಎಣ್ಣೆ ಹಾಕೋ ಇನ್ನೊಂದು ಕಡೆ ಕರ್ಕೊಂಡು ಹೋದಳು. 140 ಡಾಲರ್‌ಗೆ ಏನು ಬಂತು ಅಂತ ಯಾರಾದರೂ ಕೇಳಿದರೆ ನಾನು ಈ ಒಂದು ತಡೆದ ಕೈಯನ್ನ ಹೇಳ್ತೀನಿ.

ಆರು ಅಂಗಡಿ ಅಂತ ಇತ್ತು, ನಾಲ್ಕಕ್ಕೇ ಹೊಟ್ಟೆ ತುಂಬಿತ್ತು. ಮಧ್ಯಾಹ್ನ ಊಟ ಮಾಡಿದ್ದು ನಮ್ಮ ತಪ್ಪು. ಎಂಟೂವರೆಗೆ ಮಗಳಿಗೆ ನಿದ್ದೆ ತಡೀಲಿಲ್ಲ, ಕೊನೆಯದನ್ನ ಕಟ್ಟಿಸಿಕೊಂಡು ಬಂದ್ವಿ. ನಮ್ಮನೆಯವರು ಮರುದಿನ ಒಬ್ಬರೇ ಹೋಗಿ ಚಾ ಕಾ ತಿಂದು ಬಂದು "ಸಬ್ಬಸಿಗೆ, ಸಬ್ಬಸಿಗೆ" ಅಂತ ಎರಡು ದಿನ ಹೇಳಿದರು. ಕುಡ್ಲದವರಿಗೆ ಅವರ ಕಡೆಯಿಂದ ವಿಶೇಷ ಥ್ಯಾಂಕ್ಸ್. ತೆಂಗಿನಹಾಲಿನ ಕಾಫಿ ಅತ್ತೆಗೆ ಹಿಡಿಸಲಿಲ್ಲ, "ಕಾಫಿ ಬಿಸಿಯಾಗಿರಬೇಕು" ಅಂದರು. ನಾನು ಎರಡು ಲೋಟ ಕುಡಿದೆ.

ಸಸ್ಯಾಹಾರಿ_ಪಯಣ

ಓದ್ತಾ ಕಣ್ಣು ತುಂಬಿ ಬಂತು. ಯಜಮಾನರಿಗೂ ಓದಿ ಹೇಳಿದೆ. ಮತ್ತೆ ಆ ಊರಿನ ಹೆಸರೇ ಎತ್ತಬೇಡ ಅಂದಿದ್ದವರು "ಹುಣ್ಣಿಮೆಗೆ ಹೋದ್ರೆ ಆಗುತ್ತೇನೋ" ಅಂದರು. ಗೈಡ್‌ಗೆ ಕೊನೆಗೆ ಬೇರೆ ದುಡ್ಡು ಕೊಡಬೇಕಾಗಿತ್ತಾ?

ಸೊರಬದ_ಹುಡುಗಿ

ಅವಳು ಕೇಳಲಿಲ್ಲ, ನಾವೇ 2 ಲಕ್ಷ ಡಾಂಗ್ ಕೊಟ್ವಿ. ಸುಮಾರು ಏಳುನೂರು ರೂಪಾಯಿ. ಅತ್ತೆ ಬ್ಯಾಗಿನಿಂದ ಒಂದು ಪೊಟ್ಟಣ ಕೋಡುಬಳೆ ತೆಗೆದುಕೊಟ್ಟರು. ತಿಂಡಿ ಅಂಗಡಿಗಳ ಖರ್ಚೆಲ್ಲ ಅವಳ ಲೆಕ್ಕದಲ್ಲೇ ಇತ್ತು.

ಹನೋಯ್_ಕನ್ನಡಿಗ

ಮೇಡಂ, ಮನೆಯಲ್ಲಿ ಬಾನ್ ಕುವೊನ್ ಮಾಡೋಕೆ ನೋಡಿದ್ರಾ? ಇಲ್ಲಿ ಅಕ್ಕಿಹಿಟ್ಟಿನ ಜೊತೆ ಸ್ವಲ್ಪ ಮರಗೆಣಸಿನ ಹಿಟ್ಟನ್ನೂ ಸೇರಿಸ್ತಾರೆ ಕೆಲವರು. ಹಾಳೆ ಹರಿಯಲ್ಲ.

ಸೊರಬದ_ಹುಡುಗಿ

ಮೊನ್ನೆ ಭಾನುವಾರವೇ ಆಯ್ತು ಸರ್. ಇಡ್ಲಿ ಪಾತ್ರೆ ಬಾಯಿಗೆ ಮಾವನವರ ಹಳೇ ಪಂಚೆ ಕಟ್ಟಿ ಮಾಡಿದರು. ಕಡ್ಡಿಗೆ ಮಗಳ ಸ್ಕೇಲ್. ಮೂರು ಹರೀತು. ಮರಗೆಣಸಿನ ಹಿಟ್ಟು ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ, ಅತ್ತೆ ಪಕ್ಕದಲ್ಲೇ ಕೂತು ಕೇಳ್ತಿದ್ದಾರೆ.